ಸಲಹೆಯ ದಿಕ್ಕು: ಲಂಡನ್, ಮೈಸೂರು, ದುಬೈ (1936–1971)

ಸಲಹೆ ಎಂಬ ಮಾತು ಕನ್ನಡಕ್ಕೆ ಅರಬ್ಬಿಯಿಂದ ಬಂದದ್ದು. 'ಸಲಾಹ್' ಎಂದು ಹೊರಟು, ಪಾರಸಿ ಹಿಂದುಸ್ತಾನಿಗಳ ದಾರಿಯಲ್ಲಿ ಸವೆದು ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಅದು 'ಸಲಹು' ಎಂಬ ಅಚ್ಚಗನ್ನಡ ಕ್ರಿಯಾಪದದ ಒಡಹುಟ್ಟೇ ಎನ್ನುವಷ್ಟು ಮನೆಯದಾಗಿತ್ತು. ಅದೇ ಅರಬ್ಬಿ ಧಾತುವಿನ ಇನ್ನೊಂದು ಕೂಸು 'ಮಸಲತ್ತು'. ಹಗಲಲ್ಲಿ ಹೇಳಿದ್ದು ಸಲಹೆ, ಕದ ಮುಚ್ಚಿಕೊಂಡು ಹೇಳಿದ್ದು ಮಸಲತ್ತು ಎಂದು ನಮ್ಮವರು ಎರಡನ್ನೂ ಬೇರೆಬೇರೆ ಗೂಡಿನಲ್ಲಿಟ್ಟುಕೊಂಡರು. ಅರಮನೆಯ ಹಳೆಯ ಕನ್ನಡದಲ್ಲಿ ಮಾತಿಗೆ ದಿಕ್ಕಿತ್ತು. ಕೆಳಗಿನಿಂದ ಮೇಲಕ್ಕೆ ಹೋದರೆ ಬಿನ್ನಹ, ಮೇಲಿನಿಂದ ಕೆಳಕ್ಕೆ ಬಂದರೆ ನಿರೂಪ. ಸಲಹೆಗೆ ಅಂಥ ದಿಕ್ಕಿಲ್ಲ. ಯಾರು ಯಾರಿಗೆ ಹೇಳಿದರು ಎಂದು ತಿಳಿಯುವ ತನಕ ಅದರ ತೂಕ ಗೊತ್ತಾಗುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷ್ ದೊರೆಗೆ ಸಲಹೆ ಕೊಡುತ್ತಿದ್ದವರು ಯಾರು, ಆ ದೊರೆಯ ಹೆಸರಿನಲ್ಲಿ ಮೈಸೂರಿನ ಮಹಾರಾಜರಿಗೆ, ದುಬೈನ ಶೇಖರಿಗೆ ಸಲಹೆ ಕೊಡುತ್ತಿದ್ದವರು ಯಾರು ಎಂದು ಹುಡುಕುತ್ತ ಹೋದಾಗ ನನಗೆ ಎದುರಾದದ್ದು ಈ ದಿಕ್ಕಿನ ಪ್ರಶ್ನೆಯೇ.

ಹುಡುಕಾಟ ನಡೆದದ್ದು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಫ್ಲಾಟಿನಲ್ಲಿ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಕೊಲ್ಲಿ ಕಡತಗಳನ್ನು 2014ರಿಂದ ಕತಾರ್ ಡಿಜಿಟಲ್ ಲೈಬ್ರರಿ ಒಂದೊಂದೇ ಪುಟವಾಗಿ ಜಾಲಕ್ಕೆ ಏರಿಸುತ್ತಿದೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದರೆ ತೆಳು ಕಾಗದದ ಟೈಪು ಪ್ರತಿ, ದಾರ ಪೋಣಿಸಿದ ತೂತು, ಅಂಚಿನಲ್ಲಿ ಯಾವನೋ ಅಧಿಕಾರಿ ಪೆನ್ಸಿಲಿನಲ್ಲಿ ಗೀಚಿದ ಟಿಪ್ಪಣಿ, ಎಲ್ಲವೂ ಕಾಣುತ್ತವೆ. ಕಿಟಕಿಯಾಚೆ ಕಾಣುವ 7.2 ಚದರ ಕಿಲೋಮೀಟರಿನ ಈ ತಂತ್ರಜ್ಞಾನ ವಲಯ ದುಬೈ ಆಡಳಿತಗಾರರ ಕಾನೂನಿನಿಂದ ಹುಟ್ಟಿದ್ದು. ಆ ಕಾನೂನಿಗೆ ಲಂಡನ್ನಿನ ಯಾರ ಅಂಕಿತವೂ ಬೇಕಿರಲಿಲ್ಲ. 1950ರ ದಶಕದಲ್ಲಿ ಇದೇ ಮರಳಿನ ಮೇಲೆ ಒಬ್ಬ ಕನ್ನಡಿಗ ಯಾರದೋ ತಲೆ ಒಡೆದಿದ್ದರೆ ಅವನ ಮೊಕದ್ದಮೆ ಶೇಖರ ಮುಂದೆ ಹೋಗುತ್ತಿರಲಿಲ್ಲ, ಬ್ರಿಟಿಷ್ ಪೊಲಿಟಿಕಲ್ ಏಜೆಂಟನ ಕೋರ್ಟಿಗೆ ಹೋಗುತ್ತಿತ್ತು.

ಆ ಕೋರ್ಟಿನ ಅಧಿಕಾರ ಹುಟ್ಟುತ್ತಿದ್ದ ರೀತಿ ನೋಡಬೇಕು. 1890ರ ವಿದೇಶಿ ನ್ಯಾಯಾಧಿಕಾರ ಕಾಯ್ದೆಯ ಬಲದ ಮೇಲೆ ಬ್ರಿಟಿಷ್ ದೊರೆ ತನ್ನ ಪ್ರಿವಿ ಕೌನ್ಸಿಲ್‌ನಲ್ಲಿ ಆಜ್ಞೆ ಹೊರಡಿಸುತ್ತಿದ್ದ. ಆ ಸಭೆಯಲ್ಲಿ ಯಾರೂ ಕೂರುವುದಿಲ್ಲ. ದೊರೆಯೂ ನಿಂತಿರುತ್ತಾನೆ, ಬಂದ ಮೂರು ನಾಲ್ಕು ಮಂದಿ ಕೌನ್ಸಿಲರುಗಳೂ ನಿಂತಿರುತ್ತಾರೆ. ಲಾರ್ಡ್ ಪ್ರೆಸಿಡೆಂಟ್ ಒಂದೊಂದೇ ಆಜ್ಞೆಯ ತಲೆಬರಹ ಓದುತ್ತಾರೆ, ದೊರೆ ಪ್ರತಿಯೊಂದಕ್ಕೂ 'ಒಪ್ಪಿದೆ' ಎಂಬ ಒಂದೇ ಶಬ್ದ ಹೇಳುತ್ತಾನೆ. ಹಡಗು, ವಿಶ್ವವಿದ್ಯಾಲಯ, ಮೀನುಗಾರಿಕೆಗಳ ಆಜ್ಞೆಗಳ ನಡುವೆ 1959ರಲ್ಲಿ ಟ್ರೂಷಿಯಲ್ ರಾಜ್ಯಗಳ ಆಜ್ಞೆಯೂ ಹೀಗೆ ಪಾಸಾಯಿತು. ದುಬೈ, ಅಬುಧಾಬಿ, ಶಾರ್ಜಾ ಸೇರಿ ಏಳು ಶೇಖಡಂಗಳಲ್ಲಿದ್ದ ಬಹುಪಾಲು ಪರದೇಶಿಯರ ಮೇಲೆ ಯಾರ ಕಾನೂನು ನಡೆಯಬೇಕು ಎಂಬುದು ನಿಂತ ಕಾಲಲ್ಲಿ ತೀರ್ಮಾನವಾಗುತ್ತಿತ್ತು. ಆಜ್ಞೆಯ ಪೀಠಿಕೆಯಲ್ಲಿ ದೊರೆ ಇದನ್ನು 'ಪ್ರಿವಿ ಕೌನ್ಸಿಲಿನ ಸಲಹೆಯ ಮೇರೆಗೆ' ಮಾಡಿದ್ದಾಗಿ ಬರೆದಿರುತ್ತದೆ. ಸಲಹೆ ಸಿದ್ಧವಾಗಿದ್ದು ಮಾತ್ರ ವಿದೇಶಾಂಗ ಕಚೇರಿಯ ಯಾವುದೋ ಮೇಜಿನ ಮೇಲೆ. ದೊರೆಗೆ 'ಬೇಡ' ಎನ್ನುವ ಶಬ್ದ ಕೊಟ್ಟಿರಲಿಲ್ಲ.

ಇದೇ ಪ್ರಿವಿ ಕೌನ್ಸಿಲಿನ ನ್ಯಾಯ ಸಮಿತಿ ಕರಾವಳಿಯವರಿಗೆ ಇನ್ನಷ್ಟು ಹತ್ತಿರದ್ದು. ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದ ಜಿಲ್ಲೆ; ಧಾರವಾಡ, ವಿಜಾಪುರ, ಬೆಳಗಾವಿ ಮುಂಬಯಿ ಪ್ರಾಂತದ್ದು. ಮೂಲಗೇಣಿಯದೋ ಅಳಿಯಸಂತಾನದ ಆಸ್ತಿಯದೋ ಜಗಳ ಮದ್ರಾಸ್ ಹೈಕೋರ್ಟ್ ದಾಟಿದರೆ ಮುಂದಿನ ಮೆಟ್ಟಿಲು ಲಂಡನ್ನಿನ ಡೌನಿಂಗ್ ಸ್ಟ್ರೀಟು. ಅಲ್ಲಿ ಕೂತವರು ಹೇಳುತ್ತಿದ್ದದ್ದು ಕಾನೂನಿನ ದೃಷ್ಟಿಯಲ್ಲಿ ತೀರ್ಪೇ ಅಲ್ಲ. 'ಅಪೀಲನ್ನು ವಜಾ ಮಾಡಬೇಕೆಂದು ದೊರೆಗೆ ವಿನಯದಿಂದ ಸಲಹೆ ಕೊಡುತ್ತೇವೆ' ಎಂಬ ಧಾಟಿಯಲ್ಲಿ ಅದು ಮುಗಿಯುತ್ತಿತ್ತು. ಒಂದು ತರವಾಡು ಮನೆ ಉಳಿಯಿತೋ ಹರಾಜಾಯಿತೋ ಎಂಬುದು ಆ ವಿನಯದ ಸಲಹೆಯಲ್ಲಿತ್ತು. 1949ರ ಅಕ್ಟೋಬರ್ 10ರಂದು ಭಾರತದ ಮಟ್ಟಿಗೆ ಈ ಮೆಟ್ಟಿಲು ಮುಚ್ಚಿತು.

ಇವು ಔಪಚಾರಿಕ ಸಲಹೆಗಳು. ದೊರೆಯ ಕಿವಿಗೆ ನಿಜವಾಗಿ ಹತ್ತಿರವಿದ್ದವನು ಖಾಸಗಿ ಕಾರ್ಯದರ್ಶಿ. ಮಂತ್ರಿಗಳ ಕೆಂಪು ಪೆಟ್ಟಿಗೆ ಅವನ ಕೈ ದಾಟಿಯೇ ದೊರೆಗೆ ಹೋಗಬೇಕು, ದೊರೆಯ ಮನಸ್ಸು ಅವನ ಪತ್ರದಲ್ಲಿಯೇ ಪ್ರಧಾನಿಗೆ ಬರಬೇಕು. 1936ರ ನವೆಂಬರ್ 13ರಂದು ಎಂಟನೆಯ ಎಡ್ವರ್ಡನಿಗೆ ಅವನ ಕಾರ್ಯದರ್ಶಿ ಅಲೆಕ್ಸಾಂಡರ್ ಹಾರ್ಡಿಂಜ್ ಒಂದು ಕಾಗದ ಬರೆದ. ದೊರೆ ಮದುವೆಯಾಗಬಯಸಿದ್ದ ಶ್ರೀಮತಿ ಸಿಂಪ್ಸನ್ ವಿಷಯದಲ್ಲಿ ಪತ್ರಿಕೆಗಳ ಮೌನ ಇನ್ನು ಹೆಚ್ಚು ದಿನ ಉಳಿಯದು, ಸರ್ಕಾರವೇ ರಾಜೀನಾಮೆ ಕೊಡಬಹುದು, ಆಕೆ ತಡಮಾಡದೆ ದೇಶ ಬಿಡುವುದು ಒಳಿತು ಎಂಬುದು ಅದರ ಸಾರ. ನಾಲ್ಕು ವಾರದೊಳಗೆ ಎಡ್ವರ್ಡ್ ಸಿಂಹಾಸನದಲ್ಲಿರಲಿಲ್ಲ. ಹಾರ್ಡಿಂಜ್ ಮಾತ್ರ ಎಡ್ವರ್ಡನ ತಮ್ಮ, ಹೊಸ ದೊರೆ ಆರನೆಯ ಜಾರ್ಜನ ಬಳಿ ಅದೇ ಕುರ್ಚಿಯಲ್ಲಿ 1943ರ ತನಕ ಉಳಿದ.

ಈ ಹಾರ್ಡಿಂಜ್ ಯಾರ ಮಗ? 1910ರಿಂದ 1916ರ ತನಕ ಭಾರತದ ವೈಸರಾಯ್ ಆಗಿದ್ದ ಚಾರ್ಲ್ಸ್ ಹಾರ್ಡಿಂಜನ ಮಗ. 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಮೈಸೂರಿನ ಹೊಸ ಕೌಲಿಗೆ ಒಪ್ಪಿದ ವೈಸರಾಯ್ ಅವನೇ. ಅಲೆಕ್ಸಾಂಡರನ ನಂತರ 1943ರಿಂದ 1953ರವರೆಗೆ ಕಾರ್ಯದರ್ಶಿಯಾಗಿದ್ದ ಅಲನ್ ಲ್ಯಾಸೆಲ್ಸ್ ತಾರುಣ್ಯದಲ್ಲಿ ಮುಂಬಯಿ ಗವರ್ನರ್ ಲಾಯ್ಡ್‌ನ ಎಡಿಸಿ ಆಗಿದ್ದವ. ಅಲ್ಲಿದ್ದಾಗಲೇ, 1920ರಲ್ಲಿ, ಆಗಿನ ವೈಸರಾಯ್ ಚೆಮ್ಸ್‌ಫರ್ಡನ ಮಗಳು ಜೋನ್ ಥೆಸಿಗರ್‌ಳನ್ನು ಮದುವೆಯಾದ. ಆ ಥೆಸಿಗರ್ ಹೆಸರು ಎಮಿರೇಟ್ಸಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. 1940ರ ದಶಕದ ಕೊನೆಯಲ್ಲಿ ಒಂಟೆಯ ಮೇಲೆ ರುಬ್‌ ಅಲ್‌ ಖಾಲಿ ದಾಟಿ, ಅಲ್ ಐನ್ ಬಳಿ ಶೇಖ್ ಜಾಯೆದ್ ಮನೆಯಲ್ಲಿ ಉಳಿದುಕೊಂಡ ವಿಲ್‌ಫ್ರೆಡ್ ಥೆಸಿಗರ್ ಆ ವೈಸರಾಯನ ತಮ್ಮನ ಮಗ. ಅಂದರೆ ಬಕಿಂಗ್‌ಹ್ಯಾಮ್ ಅರಮನೆಯ ಕಾರ್ಯದರ್ಶಿಯ ಹೆಂಡತಿಗೆ ಚಿಕ್ಕಪ್ಪನ ಮಗ. ಕರ್ನಾಟಕದ ಹಳ್ಳಿಯಲ್ಲಿ ಹೆಣ್ಣು ಕೊಟ್ಟು ತಂದ ಮನೆಗಳ ಪಟ್ಟಿ ಮಾಡಿದರೆ ಪಂಚಾಯ್ತಿಯ ರಾಜಕೀಯ ಅರ್ಥವಾಗುವಂತೆ, ಈ ಬೀಗತನದ ಪಟ್ಟಿ ಮಾಡದೆ ಆ ಕಾಲದ ಲಂಡನ್ ಅರ್ಥವಾಗುವುದಿಲ್ಲ. ಸಂವಿಧಾನದ ಗ್ರಂಥಗಳಲ್ಲಿ ಈ ಅಧ್ಯಾಯ ಇರುವುದಿಲ್ಲ ಅಷ್ಟೆ.

ಲ್ಯಾಸೆಲ್ಸ್ 1950ರ ಮೇ ತಿಂಗಳಲ್ಲಿ ಒಂದು ತಮಾಷೆಯ ಕೆಲಸ ಮಾಡಿದ. ಪಾರ್ಲಿಮೆಂಟ್ ವಿಸರ್ಜಿಸಿ ಎಂದು ಪ್ರಧಾನಿ ಕೇಳಿದಾಗ ದೊರೆ ಯಾವ ಸಂದರ್ಭದಲ್ಲಿ ನಿರಾಕರಿಸಬಹುದು ಎಂಬ ಚರ್ಚೆ 'ದಿ ಟೈಮ್ಸ್' ಪತ್ರಿಕೆಯ ಓದುಗರ ಓಲೆಯಲ್ಲಿ ನಡೆದಿತ್ತು. ದೊರೆಯ ಕಾರ್ಯದರ್ಶಿಯಾದವನು ಅದರಲ್ಲಿ ತನ್ನ ಹೆಸರು ಹಾಕಲಾಗದು. 'ಸೆನೆಕ್ಸ್', ಅಂದರೆ 'ಮುದುಕ', ಎಂಬ ಗುಪ್ತನಾಮದಲ್ಲಿ ಬರೆದು ಮೂರು ಶರತ್ತುಗಳನ್ನು ಮುಂದಿಟ್ಟ. ಬ್ರಿಟನ್ನಿನ ಅಲಿಖಿತ ಸಂವಿಧಾನದ ಒಂದು ತುಂಡು ಅನಾಮಧೇಯ ಓಲೆಯಾಗಿ ಉಳಿದಿದೆ. ಇದನ್ನು ಸಲಹೆ ಎನ್ನಬೇಕೋ ಮಸಲತ್ತು ಎನ್ನಬೇಕೋ, ನಾನು ಇನ್ನೂ ತೀರ್ಮಾನಿಸಿಲ್ಲ.

ನಾವು ಮರೆತಿರುವ ಸಂಗತಿಯೊಂದಿದೆ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತದ ಮಟ್ಟಿಗೆ ಬ್ರಿಟಿಷ್ ದೊರೆಯ ಸಲಹೆಗಾರರು ನೆಹರೂ ಸಂಪುಟದವರೇ. ಭಾರತ ಆಗ ಡೊಮಿನಿಯನ್, ಆರನೆಯ ಜಾರ್ಜ್ ಅದರ ದೊರೆ. 1948ರ ಜೂನ್ 21ರಂದು ರಾಜಾಜಿ ಗವರ್ನರ್ ಜನರಲ್ ಆಗಿ ಪ್ರಮಾಣ ಸ್ವೀಕರಿಸಿದ್ದು ದೊರೆಯ ನೇಮಕದಿಂದ. ಆ ನೇಮಕಕ್ಕೆ ದೊರೆಗೆ ಸಲಹೆ ಹೋದದ್ದು ದೆಹಲಿಯಿಂದ. ಮಾರನೆಯ ದಿನ ಭಾರತ ಸಾಮ್ರಾಟ ಎಂಬ ಬಿರುದನ್ನು ದೊರೆ ಅಧಿಕೃತವಾಗಿ ಬಿಟ್ಟುಕೊಟ್ಟ. ಜೈಲಿಗೆ ಹೋಗಿ ಬಂದವರು ದೊರೆಗೆ ಏನು ಮಾಡಬೇಕೆಂದು ಹೇಳುತ್ತಿದ್ದರು, ದೊರೆ ಮಾಡುತ್ತಿದ್ದ. ಇಲ್ಲಿ ಸಲಹೆ ಕೆಳಗಿನಿಂದ ಮೇಲಕ್ಕೆ ಹೋಗುವ ಅಪ್ಪಣೆ.

ಮೈಸೂರಿನಲ್ಲಿ ಅದೇ ಮಾತು ತಲೆಕೆಳಗಾಗಿ ನಿಂತಿತ್ತು. ಐವತ್ತು ವರ್ಷದ ಕಮಿಷನರ್ ಆಳ್ವಿಕೆ ಮುಗಿಸಿ 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿಸಿದಾಗ ಕೊಟ್ಟ ಹಸ್ತಾಂತರ ಪತ್ರದ 22ನೆಯ ಕಲಮು ಓದಿದರೆ ಸಾಕು. ಹಣಕಾಸು, ಕಂದಾಯ, ತೆರಿಗೆ, ನ್ಯಾಯ, ಇವುಗಳಲ್ಲಿ ಗವರ್ನರ್ ಜನರಲ್ ಕೊಡುವ ಸಲಹೆಗೆ ಮಹಾರಾಜರು ಎಲ್ಲ ಕಾಲದಲ್ಲೂ ಅನುಸಾರವಾಗಿ ನಡೆಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಸಲಹೆ ಎಂದು ಬರೆದು 'ನಡೆಯತಕ್ಕದ್ದು' ಎಂದು ಮುಗಿಸಿದರೆ ಅದಕ್ಕೆ ನಮ್ಮಲ್ಲಿ ನಿರೂಪ ಎನ್ನುತ್ತಾರೆ. ಆ ನಿರೂಪ ಹೊತ್ತು ತರುತ್ತಿದ್ದವನು ಬೆಂಗಳೂರಿನ ರೆಸಿಡೆಂಟ್. ಅವನಿದ್ದ ಬಂಗಲೆ ಇಂದಿನ ರಾಜಭವನ; ಅವನ ಹುದ್ದೆಯ ಹೆಸರು ರೆಸಿಡೆನ್ಸಿ ರೋಡಿನಲ್ಲಿ ಉಳಿದಿದೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿಟ್ಟು ಇಷ್ಟು ವರ್ಷವಾದರೂ ಆಟೋದವರು ಹಳೆಯ ಹೆಸರನ್ನು ಬಿಟ್ಟಿಲ್ಲ.

ರೆಸಿಡೆಂಟರಲ್ಲಿ ಸ್ಟುಅರ್ಟ್ ಫ್ರೇಜರನ ಕತೆ ವಿಶೇಷ. 1896ರಲ್ಲಿ ಬಾಲಕ ನಾಲ್ವಡಿಯವರಿಗೆ ಪಾಠ ಹೇಳಲು ಬಂದವನು ಆತ. ಅರಮನೆಯ ಆ ವಿಶೇಷ ತರಗತಿಯಲ್ಲಿ ಮಹಾರಾಜರ ಪಕ್ಕ ಕೂತಿದ್ದ ಸಹಪಾಠಿಗಳಲ್ಲೊಬ್ಬ ಮಿರ್ಜಾ ಇಸ್ಮಾಯಿಲ್. ಮೇಷ್ಟ್ರು ಮುಂದೆ 1905ರಲ್ಲಿ ರೆಸಿಡೆಂಟ್ ಆಗಿ ಬಂದರು, ಸಹಪಾಠಿ ಹುಜೂರು ಕಾರ್ಯದರ್ಶಿಯಾಗಿ, ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಒಂದೇ ಕೋಣೆಯಲ್ಲಿ ದೊರೆ, ದೊರೆಯ ಮೇಲಿನ ಸಲಹೆಗಾರ, ದೊರೆಯ ಕೆಳಗಿನ ಸಲಹೆಗಾರ ಮೂವರೂ ಇದ್ದರು ಎಂದಾಯಿತು. ಇಸ್ಮಾಯಿಲ್ ಸಾಹೇಬರ ಹದಿನೈದು ವರ್ಷಗಳ ದಿವಾನಗಿರಿಯ ಗಟ್ಟಿತನಕ್ಕೆ ಹಕ್ಕುಪತ್ರಗಳಿಗಿಂತ ಈ ಬೆಂಚಿನ ಗೆಳೆತನವೇ ಹೆಚ್ಚು ಕಾರಣ ಎಂಬುದು ನನ್ನ ಎಣಿಕೆ. 1940ರಲ್ಲಿ ನಾಲ್ವಡಿಯವರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮರುವರ್ಷವೇ ಅವರು ಹುದ್ದೆ ಬಿಟ್ಟದ್ದು ಇದಕ್ಕೆ ಸಾಕ್ಷಿ.

ಮೈಸೂರಿನ ಕೊನೆಯ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಲಂಡನ್ ಮತ್ತು ಮೈಸೂರುಗಳ ಕೊಂಡಿ ಇವರು. 1942–43ರಲ್ಲಿ ಚರ್ಚಿಲ್ಲನ ಯುದ್ಧ ಸಂಪುಟದಲ್ಲಿ ಭಾರತದ ಪ್ರತಿನಿಧಿ, 1946ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷ, ಅದೇ ವರ್ಷ ಮೈಸೂರಿನ ದಿವಾನ. ಬ್ರಿಟಿಷ್ ದೊರೆಯ ಸಂಪುಟದ ಮೇಜಿನ ಬಳಿ ಕೂತು ಬಂದವರಿಗೆ ಮೈಸೂರಿನ ಬೀದಿ ಬೇರೆ ಪಾಠ ಕಲಿಸಿತು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಎದ್ದಾಗ ಹುಡುಗರ ಬಾಯಲ್ಲಿ ಬಂದದ್ದು 'ಆರ್ಕಾಟ್ ಬಾಯ್ಕಾಟ್'. ಅದರ ಜೊತೆಯ ಇನ್ನೊಂದು ಪ್ರಾಸ ಮಹಾರಾಜರ ಖಾಸಗಿ ಕಾರ್ಯದರ್ಶಿ ತಂಬೂಚೆಟ್ಟಿಯವರಿಗೆ ಚಟ್ಟ ಕಟ್ಟಲು ಹೇಳುತ್ತಿತ್ತು. ಮಹಾರಾಜರ ಮೇಲೆ ಅಂಥ ಪ್ರಾಸ ಹುಟ್ಟಲಿಲ್ಲ. ದೊರೆ ತಪ್ಪು ಮಾಡಲಾರ, ತಪ್ಪೆಲ್ಲ ಸಲಹೆ ಕೊಟ್ಟವನದು ಎಂಬ ಬ್ರಿಟಿಷ್ ಸಂವಿಧಾನದ ಮೂಲಸೂತ್ರವನ್ನು ಯಾರೂ ಓದಿಸದೆ ಆ ಹುಡುಗರು ಪ್ರಾಸ ಹಾಕಿ ಕೂಗಿದರು. ಅಕ್ಟೋಬರ್ ಮುಗಿಯುವುದರೊಳಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಒಂಬತ್ತು ವರ್ಷಗಳ ಮೇಲೆ ಕೊಲ್ಲಿಯಲ್ಲೂ ಇದೇ ನಡೆಯಿತು. ಬಹರೇನಿನಲ್ಲಿ ಚಾರ್ಲ್ಸ್ ಬೆಲ್‌ಗ್ರೇವ್ ಎಂಬವನಿದ್ದ. 1925ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ, 1926ರಲ್ಲಿ ಬಂದು, ಮೂವತ್ತೊಂದು ವರ್ಷ ಅಲ್ಲಿನ ಶೇಖರಿಗೆ ಸಲಹೆಗಾರನಾಗಿ ಉಳಿದವ. ಹುದ್ದೆಯ ಹೆಸರೇ 'ಅಲ್ ಮುಸ್ತಶಾರ್', ಸಲಹೆಗಾರ. ಪೊಲೀಸು, ಸುಂಕ, ಕೋರ್ಟು, ಶಾಲೆ ಎಲ್ಲಕ್ಕೂ ಅವನ ಕೈ ತಾಗದೆ ಇರಲಿಲ್ಲ. 1956ರಲ್ಲಿ ಜನ ಬೀದಿಗಿಳಿದಾಗ ಅವನನ್ನು ತೆಗೆಯಿರಿ ಎಂಬುದು ಮುಖ್ಯ ಬೇಡಿಕೆಯಾಯಿತು. 1957ರಲ್ಲಿ ಅವನು ಹೋದ. ಮುಸ್ತಶಾರ್ ಎಂಬ ಆ ಪದ ಇವತ್ತು ದುಬೈನ ಎಷ್ಟೋ ವಕೀಲರ ಕಚೇರಿಗಳ ಬೋರ್ಡಿನ ಮೇಲಿದೆ, ಬಾಡಿಗೆ ಕರಾರಿಗೆ ಸಲಹೆ ಕೇಳಲು ಹೋಗುವ ನಮ್ಮವರು ದಿನವೂ ನೋಡುತ್ತಾರೆ.

ದುಬೈಗೆ ಬೆಲ್‌ಗ್ರೇವ್‌ನಂಥವನು ಬರಲಿಲ್ಲ. 1892ರ ಒಪ್ಪಂದದಿಂದ ಶೇಖರ ಹೊರಗಿನ ವ್ಯವಹಾರವೆಲ್ಲ ಬ್ರಿಟಿಷರ ಕೈಯಲ್ಲಿತ್ತು, ಒಳಗಿನದಕ್ಕೆ ಅವರು ಬಹುಕಾಲ ತಲೆ ಹಾಕಲಿಲ್ಲ. ಈ ಕರಾವಳಿಯಲ್ಲಿ ಅವರ ಕಣ್ಣು ಕಿವಿಯಾಗಿದ್ದವನು ಶಾರ್ಜಾದಲ್ಲಿದ್ದ ದೇಶೀ ಏಜೆಂಟ್. 1919ರಿಂದ 1935ರ ತನಕ ಆ ಹುದ್ದೆಯಲ್ಲಿದ್ದ ಈಸಾ ಬಿನ್ ಅಬ್ದುಲ್ ಲತೀಫ್‌ಗೆ ಖಾನ್ ಬಹಾದ್ದೂರ್ ಬಿರುದು. ಮೈಸೂರು ಬೆಂಗಳೂರಿನ ಸಾಹುಕಾರರ ಎದೆಯ ಮೇಲಿದ್ದ ಅದೇ ಪದಕ ಇಲ್ಲೂ ಇತ್ತು, ಏಕೆಂದರೆ 1947ರ ಏಪ್ರಿಲ್ 1ರಂದು ವಿದೇಶಾಂಗ ಕಚೇರಿ ವಹಿಸಿಕೊಳ್ಳುವ ತನಕ ಕೊಲ್ಲಿಯನ್ನು ಆಳಿದ್ದು ದೆಹಲಿ. ಅಂತಸ್ತಿನಲ್ಲಿ ಮಾತ್ರ ಅಂತರ: ಮೈಸೂರಿಗೆ 21 ಕುಶಾಲು ತೋಪು, ಈ ಶೇಖರಿಗೆ ಬೆರಳೆಣಿಕೆಯವು.

1938ರ ಅಕ್ಟೋಬರಿನಲ್ಲಿ ದುಬೈ ವರ್ತಕರೇ ಶೇಖ್ ಸಯೀದರ ಮೇಲೆ ಒಂದು ಮಜ್ಲಿಸ್ ಹೇರಿದರು. ಹದಿನೈದು ಸದಸ್ಯರು, ಸುಂಕದ ಹಣ ಅವರ ವಶ, ಆದಾಯದಲ್ಲಿ ಎಂಟನೆಯ ಒಂದು ಪಾಲು ಶೇಖರಿಗೆ. ಸಲಹಾಮಂಡಳಿ ಎಂದು ಹೆಸರು, ಮಾತು ಮಾತ್ರ ಅಪ್ಪಣೆಯದು. ಆರು ತಿಂಗಳೂ ನಡೆಯಲಿಲ್ಲ. 1939ರ ಮಾರ್ಚಿನಲ್ಲಿ ಮಗ ರಾಶಿದರ ಮದುವೆಗೆಂದು ದೇರಾಕ್ಕೆ ಬಂದ ಬದೂ ಪಡೆ ಮಜ್ಲಿಸನ್ನು ಒಡೆಯಿತು. ಆ ಮದುಮಗ ಜೀವನಪೂರ್ತಿ ಈ ಪಾಠ ಮರೆಯಲಿಲ್ಲ ಎಂದೇ ಕಾಣುತ್ತದೆ.

1954ರಲ್ಲಿ ಪೊಲಿಟಿಕಲ್ ಏಜೆಂಟನ ಕಚೇರಿ ಶಾರ್ಜಾದಿಂದ ದುಬೈ ಖಾರಿಯ ದಡಕ್ಕೆ ಬಂತು. 1952ರಲ್ಲಿ ಆರಂಭವಾದ ಏಳು ಶೇಖರ ಮಂಡಳಿಯ ಅಧ್ಯಕ್ಷತೆಯೂ ಈ ಏಜೆಂಟನದೇ. 1958ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಾಶಿದ್ ಅವನ ಜೊತೆ ಜಗಳಕ್ಕೆ ಹೋಗಲಿಲ್ಲ. ತಮ್ಮದೇ ಸಲಹೆಗಾರರ ಗುಂಪು ಕಟ್ಟಿಕೊಂಡರು. ಖಾರಿಯ ಹೂಳೆತ್ತಲು ಹಾಲ್ಕ್ರೊ ಕಂಪನಿಯ ಎಂಜಿನಿಯರುಗಳು, ನಗರದ ನಕ್ಷೆಗೆ 1960ರಲ್ಲಿ ಜಾನ್ ಹ್ಯಾರಿಸ್, ಲೆಕ್ಕಪತ್ರಕ್ಕೆ ಅದೇ ವರ್ಷ ಬಂದ ಬಿಲ್ ಡಫ್, ಪುರಸಭೆಗೆ ಸೂಡಾನಿನ ಕಮಾಲ್ ಹಮ್ಜಾ, ರಾಜಕೀಯಕ್ಕೆ ಬಹರೇನಿನ ಮೆಹದಿ ಅಲ್ ತಾಜಿರ್. ಇವರಲ್ಲಿ ಬ್ರಿಟಿಷರಿದ್ದರು, ಆದರೆ ಸಂಬಳ ರಾಶಿದರದು. ಸಲಹೆ ಮತ್ತೆ ಕೆಳಗಿನಿಂದ ಮೇಲಕ್ಕೆ ತಿರುಗಿತು. ವಿಶ್ವೇಶ್ವರಯ್ಯನವರನ್ನು ಮುಂಬಯಿ ಸರ್ಕಾರದ ಸೇವೆ ಮುಗಿದ ಮೇಲೆ ಮೈಸೂರು ಕರೆಸಿಕೊಂಡದ್ದನ್ನು ಬಲ್ಲವರಿಗೆ ಈ ಚಾಣಾಕ್ಷತೆ ಹೊಸದಲ್ಲ.

ಏಜೆಂಟನ ಮಾತು ಮೀರಿದವರಿಗೆ ಏನಾಯಿತು ಎಂಬುದೂ ರಾಶಿದರ ಕಣ್ಣೆದುರಿಗಿತ್ತು. 1965ರ ಜೂನಿನಲ್ಲಿ ಅರಬ್ ಲೀಗಿನ ನೆರವು ತರಲು ಹೊರಟ ಶಾರ್ಜಾದ ಶೇಖ್ ಸಖ್ರ್ ಪದಚ್ಯುತರಾದರು. 1966ರ ಆಗಸ್ಟಿನಲ್ಲಿ, ಎಣ್ಣೆಯ ಹಣ ಬಂದರೂ ಖರ್ಚು ಮಾಡಲೊಪ್ಪದ ಅಬುಧಾಬಿಯ ಶೇಖ್ ಶಖ್‌ಬೂತ್ ಅರಮನೆ ಬಿಟ್ಟು ವಿಮಾನ ಹತ್ತಿದರು, ತಮ್ಮ ಜಾಯೆದ್ ಬಂದರು. ಎರಡೂ ಕಡೆ ಕಾಗದದ ಮೇಲೆ ಮನೆತನದ ತೀರ್ಮಾನ, ಬೆನ್ನಿಗೆ ಬ್ರಿಟಿಷ್ ರೆಸಿಡೆನ್ಸಿಯ ಸಲಹೆ.

ಈ ವರ್ಷಗಳಲ್ಲಿ ದುಬೈ ಸೂಕಿನಲ್ಲಿ ಕೈ ಬದಲಾಗುತ್ತಿದ್ದದ್ದು ಭಾರತದ ರೂಪಾಯಿ. 1940ರ ದಶಕದ ನೋಟಿನ ಮುಂದೆ ಆರನೆಯ ಜಾರ್ಜನ ಮುಖ. ತಿರುಗಿಸಿದರೆ ಭಾಷೆಗಳ ಸಾಲಿನಲ್ಲಿ ಕನ್ನಡವೂ. ಗಣರಾಜ್ಯ ಬಂದ ಮೇಲೆ ಮುಖದ ಜಾಗದಲ್ಲಿ ಅಶೋಕ ಸ್ತಂಭ, ಕೆಳಗೆ ಬಿ. ರಾಮ ರಾವ್ ಸಹಿ. 1949ರಿಂದ 1957ರ ತನಕ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಇವರು ಮಂಗಳೂರಿನ ಬೆನೆಗಲ್ ಮನೆತನದವರು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರೊಡನೆ ಬ್ಯಾಂಕಿನ ಸ್ಥಾನ ಏನು ಎಂಬುದಕ್ಕೇ ಜಟಾಪಟಿಯಾಗಿ ರಾಜೀನಾಮೆ ಕೊಟ್ಟರು. ಚಿನ್ನದ ಕಳ್ಳಸಾಗಣೆ ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ಅಚ್ಚಾಯಿತು, 1966ರ ಅಪಮೌಲ್ಯದ ನಂತರ ಅದೂ ಮರೆಯಾಯಿತು.

ರಾಮ ರಾವ್ ಅವರ ಅಣ್ಣ ಬೆನೆಗಲ್ ನರಸಿಂಗ ರಾವ್, 1946ರಿಂದ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರ. ಅವರ ಕರಡಿನಿಂದ ಬೆಳೆದು ಬಂದ 74ನೆಯ ವಿಧಿ ರಾಷ್ಟ್ರಪತಿಗೆ ಸಹಾಯ, ಸಲಹೆ ನೀಡಲು ಮಂತ್ರಿಮಂಡಲವಿರಬೇಕೆಂದಿತು. ಸಲಹೆಗೆ ರಾಷ್ಟ್ರಪತಿ ತಲೆಬಾಗಲೇಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. 1951ರಲ್ಲಿ ಹಿಂದೂ ಕೋಡ್ ಮಸೂದೆ ಬಂದಾಗ ರಾಜೇಂದ್ರ ಪ್ರಸಾದರು ಆ ಸಂದಿನಲ್ಲಿ ಕಾಲಿಟ್ಟರು. ಆ ಮಸೂದೆಯ ಹಿಂದಿನ ಸಮಿತಿಗೂ ಹಿಂದೆ ಅಧ್ಯಕ್ಷರಾಗಿದ್ದವರು ಇದೇ ನರಸಿಂಗ ರಾಯರು. ಅಟಾರ್ನಿ ಜನರಲ್ ಸೆಟಲ್‌ವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇಬ್ಬರೂ ಲಂಡನ್ನಿನ ರೂಢಿಯನ್ನೇ ತೋರಿಸಿ, ಸಲಹೆ ಎಂದರೆ ಪಾಲಿಸಬೇಕಾದದ್ದು ಎಂದರು. 1976ರ 42ನೆಯ ತಿದ್ದುಪಡಿ ಅದನ್ನು ಅಕ್ಷರದಲ್ಲೇ ಬರೆಯಿತು. 1881ರ ಮೈಸೂರಿನ ಕಲಮಿನಲ್ಲಿ ಹೇಗೆ ಸಲಹೆಯ ಪಕ್ಕದಲ್ಲೇ 'ನಡೆಯತಕ್ಕದ್ದು' ಇತ್ತೋ ಹಾಗೆ. ಕೊಡುವವರು ಮಾತ್ರ ಈಗ ಮತ ಹಾಕಿಸಿಕೊಂಡು ಬಂದವರು.

1971ರ ಡಿಸೆಂಬರ್ 1ರಂದು ಟ್ರೂಷಿಯಲ್ ರಾಜ್ಯಗಳ ಹಳೆಯ ಒಪ್ಪಂದಗಳು ಮುಗಿದವು, ಮಾರನೆಯ ದಿನ ಒಕ್ಕೂಟ ಹುಟ್ಟಿತು. ಕಳೆದ ಚಳಿಗಾಲದ ಒಂದು ಶುಕ್ರವಾರ ಸಂಜೆ ಸಿಲಿಕಾನ್ ಓಯಸಿಸ್‌ನಿಂದ ಬಸ್ಸು, ಮೆಟ್ರೋ ಬದಲಾಯಿಸಿ ಬರ್ ದುಬೈಗೆ ಹೋದೆ. ಖಾರಿಯ ದಂಡೆಯಲ್ಲಿ ಪೊಲಿಟಿಕಲ್ ಏಜೆನ್ಸಿ ಇದ್ದ ಆವರಣದಲ್ಲಿ ಈಗ ಬ್ರಿಟಿಷ್ ರಾಯಭಾರ ಕಚೇರಿ. ವೀಸಾಕ್ಕೆ ಬಂದಿದ್ದ ಇಬ್ಬರು ಗೇಟು ಮುಚ್ಚಿದ್ದು ನೋಡಿ ವಾಪಸಾಗುತ್ತಿದ್ದರು. ಅಲ್ ಸೀಫ್ ದಾಟಿ, ಅಲ್ ಫಾಹಿದಿಯ ಗಾಳಿಗೋಪುರದ ಮನೆಗಳನ್ನು ಬಳಸಿ ನಡೆದರೆ ದುಬೈ ಆಡಳಿತಗಾರರ ಕಚೇರಿ. ಅದರ ಅರಬ್ಬಿ ಹೆಸರು ದಿವಾನ್. ನಮ್ಮಲ್ಲಿ ಆ ಪದ ಮನುಷ್ಯನಿಗಿತ್ತು, ಇಲ್ಲಿ ಕಟ್ಟಡಕ್ಕಿದೆ. ದಿವಾನ್ ಬಾಗಿಲಲ್ಲಿದ್ದ ಕಾವಲಿನವನು ಫೋಟೋ ಬೇಡ ಎಂದು ಕೈಯಾಡಿಸಿದ. ನಾನು ಫೋನ್ ಜೇಬಿಗಿಳಿಸಿ ಅಬ್ರಾ ದೋಣಿಯ ಕಟ್ಟೆಯ ಕಡೆ ನಡೆದೆ.